ತೂತಿಲ್ಲದ ಗುಂಡಿ

ಗುಬ್ಬಿಯ ಅಮ್ಮನಿಗೆ ಸವತಿಯೊಬ್ಬಳು ಬಂದಿದ್ದಳು. ಗಂಡ ಕಟ್ಟಿಕೊಂಡು ಬಂದದ್ದಲ್ಲ. ಲಿಫ್ಟ್ ರಿಪೇರಿ ಮಾಡುವ ಆ ಬಡಪಾಯಿ ಮನೆಗೆ ಬಂದರೆ ತಟ್ಟೆಯ ಮುಂದೆಯೇ ತೂಕಡಿಸುವವನು. ಸವತಿಯನ್ನು ತಂದವಳು ಹದಿನೈದು ವರ್ಷದ ಮಗಳು. ತಂದದ್ದು ಆಸ್ಪತ್ರೆಯಿಂದ, ಮೊಬೈಲಿನೊಳಗೆ ಹಾಕಿಸಿಕೊಂಡು.

ಅದೊಂದು ಆಪ್. ಗುಬ್ಬಿಯ ಎರಡೂ ಕಿಡ್ನಿಗಳು ಅವಳ ಒಂಬತ್ತನೆಯ ವಯಸ್ಸಿನಿಂದ ಅರೆಬರೆ ಕೆಲಸ ಮಾಡುತ್ತಿದ್ದವು. ಯಾವ ಮಾತ್ರೆ ನುಂಗಿದೆ, ಬೆಳಗಿನ ಬಿಪಿ ಎಷ್ಟು, ತೂಕ ಎಷ್ಟು, ಇವತ್ತು ಹೇಗಿದ್ದೀಯ ಎಂದೆಲ್ಲ ಆಪ್ ಕೇಳುತ್ತಿತ್ತು. ಗುಬ್ಬಿ ಬೆರಳಾಡಿಸಿ ಉತ್ತರ ಕೊಟ್ಟರೆ ಅದು ಆ ಕ್ಷಣವೇ ಆಸ್ಪತ್ರೆಯ ನರ್ಸ್‌ಗೆ ತಲುಪುತ್ತಿತ್ತು. ಮಾತ್ರೆ ತೆಗೆದುಕೊಂಡೆ ಎಂದು ಒತ್ತಿದರೆ, ಕಣ್ಣು ಬಾಯಿ ಇರುವ ಪುಟಾಣಿ ಕಿಡ್ನಿಯೊಂದು ಪರದೆಯ ಮೇಲೆ ಸೊಂಟ ಕುಣಿಸುತ್ತಿತ್ತು. ಅದು ಕುಣಿದಾಗಲೆಲ್ಲ ಗುಬ್ಬಿಯ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಆರು ವರ್ಷ ಆ ಕೆಲಸವನ್ನೆಲ್ಲ ಮಾಡಿದವಳು ಅವಳು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಜಿಪ್ ಬದಲಿಸುವುದು ಅವಳ ಕಸುಬು. ಗಿರಾಕಿಗಳ ಅಳತೆ ಪುಸ್ತಕವನ್ನು ಹಿಂದಿನಿಂದ ತೆರೆದರೆ ಅದು ಗುಬ್ಬಿಯ ಪುಸ್ತಕ. ಮುಂದಿನಿಂದ ಬೀದಿಯವರ ಎದೆ, ಸೊಂಟ, ತೋಳು. ಹಿಂದಿನಿಂದ ಮಗಳ ಬಿಪಿ, ತೂಕ, ಮಾತ್ರೆ. ಎರಡೂ ನಡುವಿನಲ್ಲಿ ಬಂದು ಮುಟ್ಟಿದಾಗ ಹೊಸ ಪುಸ್ತಕ.

ಕಾಯಿಲೆಯನ್ನು ಮೊದಲು ಹಿಡಿದದ್ದೂ ಡಾಕ್ಟರಲ್ಲ, ಅವಳ ಟೇಪು. ಶಾಲೆಯ ಪ್ಯಾಂಟಿನ ಅಂಚು ಮಡಚಲೆಂದು ಅಳೆದರೆ ವಾರದೊಳಗೆ ಮಗುವಿನ ಕಾಲಗಂಟು ಒಂದಿಂಚು ಊದಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಮಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿ, ಎರಡೂ ಕಾಲಿಗೆ ಟೇಪು ಸುತ್ತಿ, ಅಂಗೈಗೆ ಮಾತ್ರೆ ಹಾಕಿ, “ನುಂಗಿದ್ಯಾ?” ಎಂದು ಕೇಳುವುದು, ಗುಬ್ಬಿ “ಹೂಂ” ಎಂದ ಕೂಡಲೇ ಕೆಂಪು ಶಾಯಿಯಲ್ಲಿ ಒಂದು ಗೀಟು ಎಳೆಯುವುದು ನಡೆದು ಬಂದಿತ್ತು. ಹೋದ ವರ್ಷ ರಕ್ತದಲ್ಲಿ ಆಮ್ಲ ಏರುತ್ತಲೇ ಹೋಗಿ, “ಹೀಗೇ ಆದ್ರೆ ಡಯಾಲಿಸಿಸ್ ಬೇಗ ಬರುತ್ತೆ. ಮಾತ್ರೆ ಸರಿಯಾಗಿ ತಗೊಳ್ತಿದಾಳಾ?” ಎಂದು ಡಾಕ್ಟರು ಕೇಳಿದ್ದರು. ಅವಳು ಪುಸ್ತಕವನ್ನು ಅವರ ಮೇಜಿನ ಮೇಲೆ ಕುಕ್ಕಿ, “ನೋಡಿ ಬೇಕಾದ್ರೆ. ಒಂದೇ ಒಂದು ಗೀಟು ತಪ್ಪಿಲ್ಲ” ಎಂದಿದ್ದಳು.

ಅಂಥವಳಿಗೆ ನಾಲ್ಕು ತಿಂಗಳ ಹಿಂದೆ ಮಗಳು ಹೇಳಿದ್ದೇನು?

“ಅಮ್ಮ, ಇನ್ಮೇಲೆ ನಾನೇ ನೋಡ್ಕೋತೀನಿ. ಕಾಲು ಅಳೆಯೋದೂ ಬೇಡ, ತೂಕ ನೋಡಿದ್ರೆ ಸಾಕಂತೆ. ದೊಡ್ಡೋಳಾದ್ಮೇಲೆ ಹೇಗೂ ನಾನೇ ನೋಡ್ಕೋಬೇಕಲ್ಲ, ಈಗಿಂದ್ಲೇ ಕಲೀಲಿ ಅಂದ್ರು ಆಂಟಿ.”

“ಯಾವ ಆಂಟಿ?”

“ನರ್ಸ್ ಆಂಟಿ.”

ಆಂಟಿಯಂತೆ! ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳಗು ಮಾಡಿದವಳು ಇವಳು, ಆಂಟಿ ಅವಳು. ಆ ವಾರ ಗುಬ್ಬಿಯ ಅಮ್ಮ ಹೊಲಿದ ಹೊಲಿಗೆಯೆಲ್ಲ ಬಿಗಿಯಾಯಿತು, ಮೂರು ಪ್ಯಾಂಟು ವಾಪಸ್ ಬಂದವು.

ಸೋಲೊಪ್ಪಿಕೊಳ್ಳುವ ಹೆಂಗಸಂತೂ ಅವಳಲ್ಲ. ಫೋನು ಏಳಕ್ಕೆ ಕೂಗಿದರೆ ಅವಳು ಏಳಕ್ಕೆ ಐದು ನಿಮಿಷ ಇರುವಾಗಲೇ ಮಾತ್ರೆ, ನೀರು ಹಿಡಿದು ನಿಂತಿರುತ್ತಿದ್ದಳು. “ಇನ್ನೂ ಟೈಮಾಗಿಲ್ಲಮ್ಮ” ಎಂದು ಗುಬ್ಬಿ ಮಗ್ಗುಲು ಬದಲಿಸುತ್ತಿದ್ದಳು. ಏಳಕ್ಕೆ ಸರಿಯಾಗಿ ಸವತಿ ಕೂಗಿದರೆ ಸಾಕು, ಮಹಾರಾಣಿ ಎದ್ದು ಕೂರುತ್ತಿದ್ದಳು. ಒಂದು ಸಂಜೆ ಗುಬ್ಬಿ ಮೂಲೆಯಲ್ಲಿ ಕೂತು ಏನನ್ನೋ ಉದ್ದಕ್ಕೆ ಬರೆಯುತ್ತಿದ್ದಳು. “ಏನೇ ಅದು?” ಎಂದರೆ, “ಏನಿಲ್ಲ, ಆಪ್‌ದು” ಎಂದು ಪರದೆಯನ್ನು ಎದೆಗೆ ಒತ್ತಿಕೊಂಡಳು. ಅಮ್ಮನಿಗೆ ಎರಡು ಅಕ್ಷರದ ಉತ್ತರ, ಅದಕ್ಕೆ ಪುಟಗಟ್ಟಲೆ ಕಥೆ. ಮುಂದಿನ ವಾರ ಒಂದು ಮಾತ್ರೆಯೂ ಬದಲಾಗಿ ಹೊಸದು ಬಂತು. ಯಾಕೆಂದು ಕೇಳಿದರೆ “ಆಂಟಿ ಬದಲಾಯಿಸಿದ್ರು” ಅಷ್ಟೇ. ಔಷಧದಂಗಡಿಗೆ ಹೋಗಿ ಅದನ್ನು ತರುವ ಕೂಲಿ ಕೆಲಸ ಮಾತ್ರ ಅಮ್ಮನ ಪಾಲಿಗೆ ಉಳಿದಿತ್ತು.

ಹೀಗಿರುವಾಗ ಒಂದು ಸೋಮವಾರ ಹಲ್ಲಿನ ಡಾಕ್ಟರೊಬ್ಬರು ಬಿಳಿ ಕೋಟು ಕೊಟ್ಟು ಹೋದರು. ಎರಡು ಗುಂಡಿ ಉದುರಿದ್ದವು. ಕತ್ತರಿಸುವ ಮೇಜಿನ ಕೆಳಗಿನ ಹಲಗೆಯಿಂದ ಬಿಳಿ ಗುಂಡಿಗಳ ಡಬ್ಬಿ ತೆಗೆದಳು. ಅದನ್ನು ತೆರೆದು ವರ್ಷವೇ ಆಗಿತ್ತೇನೋ. ಈಗಿನ ಅಂಗಿಗಳಲ್ಲಿ ಹೆಚ್ಚುವರಿ ಗುಂಡಿ ಒಳಗಡೆಯೇ ಹೊಲಿದಿರುತ್ತದೆ. ಕೋಟಿನ ಮೇಲೆ ಗುಂಡಿ ಇಟ್ಟು ಕೆಳಗಿನಿಂದ ಸೂಜಿ ಚುಚ್ಚಿದಳು. ಸೂಜಿ ಮೇಲೆ ಬರಲಿಲ್ಲ. ಪಕ್ಕಕ್ಕೆ ಚುಚ್ಚಿದಳು. ಬರಲಿಲ್ಲ. ಎತ್ತಿ ನೋಡಿದರೆ ಗುಂಡಿಗೆ ತೂತೇ ಇರಲಿಲ್ಲ.

ನಾಲಿಗೆಗೆ ತಾಗಿಸಿದಳು. ಉಪ್ಪುಪ್ಪು, ಸುಣ್ಣದ ಹಾಗೆ. ರಕ್ತದ ಆಮ್ಲ ಇಳಿಸುವ ಮಾತ್ರೆ!

ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಆರಿಸಿದಳು. ಮೂವತ್ತೇಳು ಮಾತ್ರೆ.

ಆಗ ಅವಳಿಗೆ ಆದದ್ದು ಭಯವಲ್ಲ, ಸಂಕಟವಲ್ಲ. ಮುಚ್ಚಿಡುವುದೇಕೆ, ಅವಳಿಗೆ ಖುಷಿಯಾಯಿತು. ಗಂಟಲವರೆಗೂ ಉಕ್ಕಿ ಬರುವಂಥ ಖುಷಿ. ಸಿಕ್ಕಿಬಿದ್ದೆಯಾ, ಸೊಂಟ ಕುಣಿಸುವವಳೇ! ನುಂಗಿದೆ ಎಂದು ಒತ್ತಿಬಿಟ್ಟರೆ ನಂಬಿಬಿಡುತ್ತೀಯಲ್ಲ. ಅಂಗೈ ಬಿಡಿಸಿ ನೋಡುವುದಕ್ಕೆ ನಿನಗೆ ಕೈಯುಂಟೋ, ಕಣ್ಣುಂಟೋ? ಬುಧವಾರ ಆಸ್ಪತ್ರೆಗೆ ಹೋಗುವುದಿತ್ತು. ಅಲ್ಲಿ ಆ ಆಂಟಿಯ ಮುಂದೆಯೇ ಡಬ್ಬಿ ಬಿಚ್ಚಿ, ಆಪ್ ತೆಗೆಸಿ, ಮಗಳನ್ನು ಮತ್ತೆ ತನ್ನ ಪುಸ್ತಕಕ್ಕೆ ತಂದುಕೊಳ್ಳಬೇಕು. ಅಲ್ಲಿಯವರೆಗೆ ಗುಟ್ಟು ಬಿಡಬಾರದು ಎಂದು ಗಟ್ಟಿ ಮಾಡಿಕೊಂಡಳು.

ಆ ಎರಡು ದಿನ ಅವಳ ಮುಖದಲ್ಲಿ ಎಂದೂ ಇಲ್ಲದ ಕಳೆ. ಫೋನು ಕೂಗಿದರೆ ‘ಕೂಗು, ಕೂಗು, ಬುಧವಾರ ಬರಲಿ’ ಎಂದುಕೊಳ್ಳುತ್ತಿದ್ದಳು.

“ಏನೇ, ಒಬ್ಳೇ ನಗ್ತಿದೀಯ?” ಎಂದು ಗಂಡ ತೂಕಡಿಕೆಯ ನಡುವೆ ಕೇಳಿದ.

“ನಗೋಕೂ ನಿಮ್ಮನ್ನ ಕೇಳ್ಬೇಕಾ?” ಎಂದಳು.

ಬುಧವಾರ ನರ್ಸ್‌ನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಗೋಡೆಗೆ ಒರಗಿಸಿದ ತೂಕದ ಯಂತ್ರ. ನರ್ಸ್ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, “ಬಾ ಗುಬ್ಬಿ, ಕೂತ್ಕೋ. ರಿಪೋರ್ಟ್ ಬಂದಿದೆ” ಎನ್ನುವಷ್ಟರಲ್ಲಿ ಗುಬ್ಬಿಯ ಅಮ್ಮ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೇಬಿಟ್ಟಳು.

“ರಿಪೋರ್ಟ್ ಆಮೇಲೆ ನೋಡೋಣ. ಮೊದ್ಲು ಇದನ್ನ ನೋಡಿ. ನಿಮ್ಮ ಆಪ್ ಹೇಗೆ ನೋಡ್ಕೋತಿದೆ ಅಂತ ಗೊತ್ತಾಗುತ್ತೆ.”

ಗುಬ್ಬಿ ಡಬ್ಬಿ ನೋಡಿದಳು, ತಲೆ ತಗ್ಗಿಸಿದಳು. ನರ್ಸ್ ಒಂದು ಮಾತ್ರೆ ಎತ್ತಿ ಬೆಳಕಿಗೆ ಹಿಡಿದಳು.

“ಇದು ಹಳೇದಲ್ವಾ? ಮೂರೂವರೆ ತಿಂಗಳಾಯ್ತು ಇದನ್ನ ನಿಲ್ಲಿಸಿ. ಈಗ ಕೊಡ್ತಿರೋದು ಉದ್ದಂದು. ನೀವೇ ತರ್ತೀರಲ್ಲ?”

ಗುಬ್ಬಿಯ ಅಮ್ಮ ಡಬ್ಬಿಯೊಳಗೆ ನೋಡಿದಳು. ಮೂವತ್ತೇಳೂ ಗುಂಡಗಿದ್ದವು. ಎರಡು ತೂತಿನ ಗುಂಡಿ ಯಾವುದು, ನಾಲ್ಕು ತೂತಿನದು ಯಾವುದು ಎಂದು ಬಾಗಿಲಾಚೆ ನಿಂತ ಗಿರಾಕಿಯ ಅಂಗಿಯಲ್ಲೇ ಗುರುತಿಸುವ ಕಣ್ಣು ಅವಳದು. ಎರಡು ದಿನ ಎದುರಿಗಿದ್ದರೂ ಇದು ಕಾಣಿಸಿರಲಿಲ್ಲ. ಇವೆಲ್ಲ ಆಪ್ ಬರುವುದಕ್ಕೆ ಮುಂಚಿನವು. ಅವಳೇ ಕೈಯಾರೆ ಮಗಳ ಅಂಗೈಗೆ ಹಾಕಿ, ಅವಳೇ ಗೀಟು ಎಳೆದಿದ್ದ ಮಾತ್ರೆಗಳು.

“ಯಾವಾಗ ಸಿಕ್ತು ನಿಮಗೆ?” ನರ್ಸ್ ಕೇಳಿದಳು.

“ಮೊನ್ನೆ.”

“ಮೊನ್ನೆಯಿಂದ ಇವಳು ಮಾತ್ರೆ ತಗೊಳ್ತಿಲ್ಲ ಅಂದ್ಕೊಂಡಿದ್ರಾ?”

“ಹೂಂ.”

“ಮತ್ತೆ... ಮನೇಲಿ ಕೇಳ್ಲಿಲ್ವಾ?”

ನರ್ಸ್ ಕುಟುಕಲೆಂದು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಗುಬ್ಬಿಯ ಅಮ್ಮನಿಗೆ ಕೂತ ಕುರ್ಚಿ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ಮಗಳು ಎರಡು ದಿನ ಮಾತ್ರೆಯಿಲ್ಲದೆ ಇದ್ದಾಳೆಂದುಕೊಂಡೂ ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದಳು, ಫೋನಿನ ಮೇಲೆ ಗೆಲ್ಲುವುದಕ್ಕೆ.

“ಯಾಕೆ ತಗೊಳ್ತಿರ್ಲಿಲ್ಲ ಅನ್ನೋದು ನನಗೆ ಗೊತ್ತು. ಆದ್ರೆ ನಾನು ಹೇಳೋ ಹಾಗಿಲ್ಲ” ಎಂದು ನರ್ಸ್ ಗುಬ್ಬಿಯ ಕಡೆ ತಿರುಗಿದಳು. “ನೀನೇ ಹೇಳ್ತೀಯಾ?”

ಗುಬ್ಬಿ ಉಗುರು ನೋಡಿಕೊಂಡು ಹೇಳಿದಳು. “ಅದನ್ನ ತಗೊಂಡ್ರೆ ಮಧ್ಯಾಹ್ನದವರೆಗೂ ತೇಗು ಬರ್ತಿತ್ತಮ್ಮ. ಕ್ಲಾಸಲ್ಲಿ ಕಪ್ಪೆ ಅಂತ ಕರೀತಿದ್ರು. ಅದಕ್ಕೆ ಪರೀಕ್ಷೆ ಗಿರೀಕ್ಷೆ ಇದ್ದ ದಿನ ನೀರು ಮಾತ್ರ ಕುಡಿದು, ನೀನು ಪುಸ್ತಕ ತೆಗಿಯೋಕೆ ತಿರುಗಿದಾಗ ಡಬ್ಬಿಗೆ ಹಾಕ್ತಿದ್ದೆ. ಆಪ್ ಕೊಟ್ಟ ಮೇಲೆ ಅದರಲ್ಲಿ ಎಲ್ಲಾ ಬರೆದೆ. ಡಾಕ್ಟರು ಬೇರೆ ಮಾತ್ರೆ ಕೊಟ್ರು.”

“ನಂಗೆ ಹೇಳೋಕೇನಾಗಿತ್ತೇ? ನಾನೇನು ಹೊಡೀತಿದ್ನಾ?”

“ಹೊಡೆಯಲ್ಲ. ಅಳ್ತೀಯ.” ಗುಬ್ಬಿ ಮೊದಲ ಸಲ ತಲೆ ಎತ್ತಿದಳು. “ಹೋದ ವರ್ಷ ತಲೆ ಸುತ್ತುತ್ತೆ ಅಂದಿದ್ದಕ್ಕೆ ನೀನು ಎರಡು ದಿನ ಅತ್ತೆ. ಆಮೇಲೆ ನಾನೇ ನಿನ್ನ ಸಮಾಧಾನ ಮಾಡಿದೆ. ಫೋನ್ ಅಳಲ್ಲಮ್ಮ. ತಗೊಂಡಿಲ್ಲ ಅಂತ ಒತ್ತಿದ್ರೆ, ಯಾಕೆ ಅಂತ ಕೇಳುತ್ತೆ. ಅಷ್ಟೇ.”

ನರ್ಸ್ ರಿಪೋರ್ಟನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಆಮ್ಲ ಹತೋಟಿಗೆ ಬಂದಿತ್ತು. ಡಯಾಲಿಸಿಸ್ ಮಾತು ಸದ್ಯಕ್ಕೆ ಬೇಡ ಎಂದು ಡಾಕ್ಟರು ಬರೆದಿದ್ದರು. ಗುಬ್ಬಿಯ ಅಮ್ಮನ ಕಣ್ಣು ತುಂಬಿ ಬಂತು. ಈಗ ಅತ್ತರೆ ಮಗಳು ಹೇಳಿದ್ದು ನಿಜವೇ ಎಂದು ಆಗಲೇ ತೋರಿಸಿಕೊಟ್ಟಂತಾಗುತ್ತದಲ್ಲ ಎಂದು ಅವಡುಗಚ್ಚಿ ಕೂತಳು.

ಮನೆಗೆ ಬಂದು ಅಳತೆ ಪುಸ್ತಕವನ್ನು ಹಿಂದಿನಿಂದ ತೆರೆದಳು. ಕೆಂಪು ಗೀಟುಗಳು ಒಂದರ ಪಕ್ಕ ಒಂದು ಶಿಸ್ತಾಗಿ ನಿಂತಿದ್ದವು. ಅವುಗಳಲ್ಲಿ ಮೂವತ್ತೇಳು ಸುಳ್ಳು. ಯಾವ ಮೂವತ್ತೇಳು ಎಂದು ಅವಳಿಗೆ ತಿಳಿಯುವಂತಿರಲಿಲ್ಲ.

ಹಾಗೆಂದು ಮರುದಿನವೇ ಅವಳು ಸವತಿಗೆ ಆರತಿ ಎತ್ತಲಿಲ್ಲ. ಹೊಟ್ಟೆಕಿಚ್ಚು ಒಂದು ಬುಧವಾರಕ್ಕೆ ಆರುವಂಥದ್ದೇ? ಕಿಡ್ನಿ ಕುಣಿದರೆ ಈಗಲೂ ಮೈ ಉರಿಯುತ್ತಿತ್ತು. ಆದರೆ ಏಳಕ್ಕೆ ಮುಂಚೆ ನೀರು ಹಿಡಿದು ನಿಲ್ಲುವುದನ್ನು ಬಿಟ್ಟಳು.

ಮೂರು ವಾರ ಕಳೆದಿರಬೇಕು. ಗುಬ್ಬಿ ಯೂನಿಫಾರ್ಮ್ ಹಾಕಿಕೊಂಡು ಅಂಗಡಿ ಕೋಣೆಗೆ ಬಂದಳು. ಗುಬ್ಬಿಯ ಅಮ್ಮ ಬೊಂಬೆಯ ಮೇಲೆ ಯಾರದೋ ಜಾಕೆಟ್ಟಿಗೆ ಗುಂಡುಸೂಜಿ ಹಾಕುತ್ತಿದ್ದಳು. ತುಟಿಗಳ ನಡುವೆ ಇನ್ನೂ ನಾಲ್ಕು ಸೂಜಿ ಕಚ್ಚಿಕೊಂಡಿದ್ದಳು. ಹಳೆಯ ಅಭ್ಯಾಸ, ಹಲ್ಲಿನ ಸಂದಿಯಿಂದಲೇ ಕೇಳಿದಳು.

“ತಗೊಂಡ್ಯಾ?”

“ಇಲ್ಲ” ಎಂದಳು ಗುಬ್ಬಿ.

ಆರು ವರ್ಷದಲ್ಲಿ ಮೊದಲ “ಇಲ್ಲ”. ಬಾಯಿ ತೆರೆದು ಗೋಳಾಡೋಣವೆಂದರೆ ಸೂಜಿ. ಒಂದು ತೆಗೆದು ಸೂಜಿದಿಂಬಿಗೆ ಚುಚ್ಚಿದಳು. ಎರಡನೆಯದನ್ನು ಚುಚ್ಚಿದಳು. ಮೂರನೆಯದು, ನಾಲ್ಕನೆಯದನ್ನೂ ಚುಚ್ಚಿದಳು.

“ಯಾಕೆ?” ಎಂದಳು. ಅಷ್ಟೇ.

“ಖಾಲಿ ಹೊಟ್ಟೇಲಿ ವಾಕರಿಕೆ ಬರುತ್ತೆ. ಇವತ್ತು ಮೊದಲನೇ ಪೀರಿಯಡ್ಡೇ ಆಟ.”

“ಎರಡು ಬ್ರೆಡ್ ತಿಂದು ತಗೊಳ್ತೀಯಾ?”

“ಕೊಡು.”

ಗುಬ್ಬಿ ಬ್ರೆಡ್ ತಿಂದು, ಉದ್ದನೆಯ ಮಾತ್ರೆ ನುಂಗಿ, ಕರೆಯದೆಯೇ ಮೇಜಿನ ಮೇಲೆ ಹತ್ತಿ ಕೂತು ಕಾಲು ಇಳಿಬಿಟ್ಟಳು. “ಅಳೆದುಬಿಡು. ಸುಮ್ನೆ.”

ಗುಬ್ಬಿಯ ಅಮ್ಮ ಕತ್ತಿನಿಂದ ಟೇಪು ತೆಗೆದು ಬಲಗಾಲಿಗೆ ಸುತ್ತಿದಳು. ಅಷ್ಟರಲ್ಲಿ ಒಳಕೋಣೆಯಿಂದ ಫೋನು ಕೂಗಿಕೊಂಡಿತು: ಬೆಳಗಿನ ಮಾತ್ರೆ ಬಾಕಿ ಇದೆಯಲ್ಲ, ಯಾಕೆ?

ಗುಬ್ಬಿ ಕೂತಲ್ಲಿಂದಲೇ ಕತ್ತು ತಿರುಗಿಸಿ ಗದರಿದಳು. “ತಡ್ಕೋ ಮಾರಾಯ್ತಿ! ಅಮ್ಮಂಗೆ ಹೇಳಾಯ್ತು.”

ಫೋನು ಇನ್ನೊಮ್ಮೆ ಕೂಗಿತು. ಕೂಗಲಿ ಬಿಡು ಎಂದುಕೊಂಡು ಗುಬ್ಬಿಯ ಅಮ್ಮ ಎಡಗಾಲಿಗೆ ಟೇಪು ಸುತ್ತಿದಳು.