ನಡುವಿನ ಜೇಬು

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಸಂಜೆಯ ಬಸ್ಸುಗಳಿಗೆ ಹೊರಟುಹೋದರು. ಮರುದಿನ ಹಾಲಿನವಳು ಎಂದಿನಂತೆ ಬಂದಳು. ನಲ್ಲಿಯಲ್ಲಿ ಎಂದಿನಂತೆ ಆರೂವರೆಗೆ ನೀರು ಬಂತು. ಶ್ರೀಗೌರಿ ಸ್ನಾನ ಮಾಡಿ ಸೀರೆ ಉಟ್ಟಳು. ಸೆರಗಿಗೆ ಪಿನ್ನು ಬೇಕಾಗಿ ಕೈ ತಾನಾಗಿ ಕೊರಳಿಗೆ ಹೋಯಿತು. ಆರು ವರ್ಷದಿಂದ ಅವಳ ಮಾಂಗಲ್ಯದ ಸರಕ್ಕೆ ನಾಲ್ಕು ಪಿನ್ನುಗಳು ಸಿಕ್ಕಿಸಿರುತ್ತಿದ್ದವು. ಹತ್ತನೆಯ ದಿನ ಸರ ತೆಗೆಸಿದ್ದರು. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ತೆಗೆಸುವಾಗ ಸರದಲ್ಲಿದ್ದದ್ದು ಮೂರೇ ಪಿನ್ನು. ಯಾರೂ ಎಣಿಸಲಿಲ್ಲ. ನಾಲ್ಕನೆಯದನ್ನು ಆ ಭಾನುವಾರ ಬೆಳಿಗ್ಗೆ ಅವಳು ಗಂಡನ ಬೆನ್ನಿನ ಮೇಲೆ, ಜರ್ಸಿಯ ನಡುವಿನ ಜೇಬಿನ ಬಾಯಿಗೆ ಹಾಕಿ ಕಳಿಸಿದ್ದಳು.

ಪ್ರದ್ಯುಮ್ನ ಹೊಳೆನರಸೀಪುರದ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ. ಚಿಕ್ಕಂದಿನಿಂದ ಉಬ್ಬಸ. ಮೂವತ್ಮೂರನೆಯ ವಯಸ್ಸಿನಲ್ಲಿ ಮೈಸೂರು ದಸರಾದ ಸೈಕಲ್ ರೇಸಿನಲ್ಲಿ ಒಮ್ಮೆ ಓಡಿಸಬೇಕೆಂಬ ಹುಚ್ಚು ಹಿಡಿಯಿತು. ಗೆಲ್ಲುವ ಆಸೆಯೇನಿರಲಿಲ್ಲ, ಕೊನೆ ಮುಟ್ಟಿದರೆ ಸಾಕು ಎನ್ನುತ್ತಿದ್ದ. ಅರಕಲಗೂಡಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನಂಜಯ್ಯ ವಯಸ್ಸಿನಲ್ಲಿದ್ದಾಗ ಆ ರೇಸಿನಲ್ಲಿ ಮೂರು ಸಲ ಓಡಿಸಿದವನು. ಅವನೇ ತನ್ನ ಹಳೆಯ ನೀಲಿ ಜರ್ಸಿ ಕೊಟ್ಟು, ದಸರಾ ಆದ ಮೇಲೆ ವಾಪಸ್ಸು ಕೊಡಿ ಸಾ ಎಂದಿದ್ದ. ಭಾನುವಾರಗಳಂದು ಇಬ್ಬರೂ ಅರ್ಧ ದಾರಿಯಲ್ಲಿ ಸೇರಿ ಅರಕಲಗೂಡಿನವರೆಗೆ ಜೊತೆಯಾಗಿ ಹೋಗುತ್ತಿದ್ದರು.

ಜರ್ಸಿಗೆ ಬೆನ್ನಿನ ಕಡೆ ಮೂರು ಜೇಬು. ಎಡಕ್ಕೆ ಬಾಳೆಹಣ್ಣು, ಬಲಕ್ಕೆ ಪಂಕ್ಚರ್ ಸಾಮಾನು, ನಡುವೆ ಉಬ್ಬಸಕ್ಕೆ ಬಾಯಿಗಿಟ್ಟು ಎಳೆಯುವ ಔಷಧಿಯ ಪಂಪು. ತೊಟ್ಟು ತೊಟ್ಟು ಜೇಬಿನ ಬಾಯಿ ಸಡಿಲಾಗಿತ್ತು. ಹ್ಯಾಂಡಲ್ಲಿನ ಮೇಲೆ ಬಗ್ಗಿ ತುಳಿಯುವಾಗ ಪಂಪು ಮೆಲ್ಲಗೆ ಮೇಲೇರಿ ಬಿದ್ದುಹೋಗುತ್ತಿತ್ತು. ಚನ್ನರಾಯಪಟ್ಟಣದ ರಸ್ತೆಯಲ್ಲಿ ಹಾಗೆ ಬಿದ್ದದ್ದು ಬಸ್ಸಿನ ಚಕ್ರಕ್ಕೆ ಸಿಕ್ಕಿತು. ಆ ಔಷಧಿ ಹಾಸನ ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಹಾಸನದಿಂದ ತರಿಸುವವರೆಗೆ ಅವನು ಗೋಡೆಗೆ ಒರಗಿ ಕೂತು ಎಳೆದ ಉಸಿರಿನ ಸದ್ದನ್ನು ಅವಳು ಕೇಳಿದ್ದಳು. ಕರ್ಚೀಫು ತುರುಕಿ ನೋಡಿದಳು, ರಬ್ಬರ್ ಬ್ಯಾಂಡ್ ಸುತ್ತಿ ನೋಡಿದಳು. ಕೊನೆಗೆ ಸರದಿಂದ ಪಿನ್ನು ಬಿಚ್ಚಿದಳು.

ಮೊದಲ ವಾರ ಪ್ರದ್ಯುಮ್ನ ನಗುತ್ತಾ ಮನೆಗೆ ಬಂದಿದ್ದ. "ನಂಜಯ್ಯ ಏನಂದ ಗೊತ್ತಾ? ಅಮ್ಮಾವ್ರು ನಿಮ್ಮನ್ನ ರಿಜಿಸ್ಟರ್ ಪೋಸ್ಟಲ್ಲಿ ಕಳಿಸವ್ರಲ್ಲ ಸಾ, ಸೀಲ್ ಒಡೆಯಕ್ಕೆ ಸಹಿ ಮಾಡ್ಬೇಕಾ ಅಂದ." ಆಮೇಲೆ ಅಂದಿದ್ದ, "ಆದರೂ ಬೆನ್ನ ಹಿಂದೆ ಇದನ್ನ ಬಿಚ್ಚೋಕೆ ಆಗಲ್ಲ ಕಣೇ."

"ನಂಜಯ್ಯ ಇರ್ತಾರಲ್ಲ, ತೆಗೆದುಕೊಡ್ತಾರೆ" ಎಂದಿದ್ದಳು.

ಅತ್ತೆ ಕಾವೇರಮ್ಮ ಹಿತ್ತಿಲಿನಿಂದ ಕರೆದರು. "ಗೌರಿ, ಆಸ್ಪತ್ರೆಯವರು ಕೊಟ್ಟ ಗಂಟು ಬಚ್ಚಲ ಹಿಂದೆ ಹಾಗೇ ಬಿದ್ದಿದೆ. ಒಲೆಗೆ ಹಾಕಿಬಿಡು."

"ಅದರಲ್ಲಿ ನಂಜಯ್ಯನ ಜರ್ಸಿ ಇದೆ ಅಮ್ಮ. ಕೊಡಬೇಕು."

"ಹೋದವನ ಮೈಮೇಲಿದ್ದದ್ದನ್ನ ಯಾರು ವಾಪಸ್ಸು ತಗೋತಾರೆ? ಹೊಸದೊಂದು ಕೊಡಿಸಿದರಾಯ್ತು."

ಶ್ರೀಗೌರಿ ಗಂಟು ಬಿಚ್ಚಿದಳು. ಪಿನ್ನು ಹಾಕಿದ ಹಾಗೇ ಇತ್ತು. ಜೇಬು ಮಾತ್ರ ಅದರ ಪಕ್ಕದಿಂದ ತಳದವರೆಗೆ ಹರಿದಿತ್ತು. ಪಂಪು ಇರಲಿಲ್ಲ.

ಅರಕಲಗೂಡಿನ ಹತ್ತಿರ ಒಂದು ಏರಿನಲ್ಲಿ ಉಸಿರು ಕಟ್ಟಿತು ಎಂದಷ್ಟೇ ಅವಳಿಗೆ ಹೇಳಿದ್ದರು. ಟೆಂಪೋದಲ್ಲಿ ಆಸ್ಪತ್ರೆಗೆ ಸಾಗಿಸಿದವನು ನಂಜಯ್ಯ. ಮನೆಯಿಂದ ದೇಹ ಎತ್ತುವಾಗ ಬೀದಿಯಾಚೆ ನಿಂತಿದ್ದ, ಆಮೇಲೆ ಈ ಕಡೆ ಬರಲಿಲ್ಲ. ಜೇಬನ್ನು ಹರಿದ ಕೈ ಯಾರದು? ಎಷ್ಟು ಹೊತ್ತಿಗೆ? ಅವಳು ನೀಲಿ ದಾರ ಹುಡುಕಿ ಸೂಜಿಗೆ ಪೋಣಿಸಿದಳು. ಹೊಲಿದು, ಒಗೆದು, ಮಡಿಸಿ ಯಾರ ಕೈಲಾದರೂ ಕಳಿಸಿದರೆ ಮುಗಿಯಿತು. ಪಿನ್ನಿನ ಮಾತು ಯಾರೂ ಎತ್ತುವುದಿಲ್ಲ, ಅವಳಿಗೂ ಏನೂ ತಿಳಿಯುವುದಿಲ್ಲ. ಸೂಜಿಯನ್ನು ದಾರದ ಸಮೇತ ಡಬ್ಬಿಯಲ್ಲಿಟ್ಟಳು.

"ಎಲ್ಲಿಗೆ?" ಎಂದರು ಕಾವೇರಮ್ಮ.

"ಅರಕಲಗೂಡಿಗೆ. ಸಂಜೆಯೊಳಗೆ ಬರ್ತೀನಿ."

"ನಿನ್ನೆ ತಾನೇ ಮುಗಿದಿದೆ. ಬೀದೀಲಿ ಜನ ಏನಂತಾರೆ ಅಂತಾದರೂ ಬೇಡವಾ?"

ಅವಳು ಚಪ್ಪಲಿ ಮೆಟ್ಟಿದಳು.

ಅರಕಲಗೂಡು ಹತ್ತಿರವಾದಂತೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಹೊಗೆ ಬಸ್ಸಿನೊಳಕ್ಕೆ ಬಂತು. ಒಂದು ಏರಿನಲ್ಲಿ ಡ್ರೈವರ್ ಗೇರ್ ಇಳಿಸಿದ. ಇದೇ ಏರೋ, ಮುಂದಿನದೋ. ಅವಳು ಕಿಟಕಿ ಮುಚ್ಚಲಿಲ್ಲ.

ನಂಜಯ್ಯ ಚಕ್ರವೊಂದರ ಡೊಂಕು ತೆಗೆಯುತ್ತಿದ್ದ. ಅವಳನ್ನು ಕಂಡು ಎದ್ದು, ಸ್ಟೂಲನ್ನು ಬಟ್ಟೆಯಿಂದ ಒರೆಸಿದ.

"ಕೂತ್ಕಳಿ ಅಮ್ಮಾವ್ರೆ."

ಅವಳು ಜರ್ಸಿಯನ್ನು ತೊಡೆಯ ಮೇಲೆ ಹರಡಿದಳು. "ಇದನ್ನ ಹರಿದದ್ದು ಯಾರು?"

"ನಾನೇಯ."

"ಅವರ ಕೈಗೆ ಸಿಗಲಿಲ್ವಾ?"

ಚಕ್ರ ಇನ್ನೂ ತಿರುಗುತ್ತಿತ್ತು. ಅವನು ಅದನ್ನು ಕೈಯಿಟ್ಟು ನಿಲ್ಲಿಸಿದ.

"ನೀವು ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು. ಏನಾರ ಸುಳ್ಳು ಯೋಳಾನ ಅಂತ ಇಷ್ಟ್ ದಿನ ಯೋಚ್ನೆ ಮಾಡ್ದೆ. ಅದ್ಕೇ ನಿಮ್ಮನೆ ಕಡೆ ಬರ್ನಿಲ್ಲ."

"ಸುಳ್ಳು ಬೇಡ."

"ಅವತ್ತು ಬ್ಯಾರನ್ ಒಗೆ ರೋಡ್ ಮ್ಯಾಲೇ ಕುಂತಿತ್ತು. ಏರಲ್ಲಿ ನಾನು ಮುಂದೆ ಓದೆ. ಮೇಷ್ಟ್ರು ಬತ್ತಾರೆ ಅಂತ ಮ್ಯಾಲ್ ನಿಂತ್ಕಂಡು ಬೀಡಿ ಅಚ್ಚಿದೆ. ಬೀಡಿ ಮುಗೀತು, ಬರ್ನಿಲ್ಲ. ಕೆಳೀಕೆ ಬಂದ್ರೆ ಕಿಲೋಮೀಟ್ರು ಕಲ್ಲಿಗೆ ಒರಗ್ಕಂಡು ಕುಂತವ್ರೆ. ಒಂದ್ ಕೈ ಬೆನ್ನಿಂದೆ. ಬೆರಳ್ ಉಗುರು ಮುರ್ದೋಗಿತ್ತು."

"ಪಿನ್ನು ಬಿಚ್ಚೋಕೆ ನೋಡಿದ್ದಾರೆ."

"ನೋಡವ್ರೆ. ನಂಗೂ ಬಿಚ್ಚಕ್ಕಾಗ್ನಿಲ್ಲ. ಅರಿದಾಕ್ದೆ. ಪಂಪ್ ಬಾಯಿಗಿಟ್ಟು ಒತ್ತಿದೆ. ಎರಡ್ ಸಲ, ಮೂರ್ ಸಲ. ಎಳ್ಕಳಕ್ಕೆ ಉಸ್ರೇ ಇರ್ನಿಲ್ಲ. ಪಂಪು ಅಲ್ಲೇ ಎಲ್ಲೋ ಬಿದ್ದೋಯ್ತು."

ಅಂಗಡಿಯ ಮುಂದೆ ಯಾರೋ ಗಾಳಿ ಹೊಡೆಸಲು ಬಂದು ನಿಂತರು. ನಂಜಯ್ಯ ಆಮೇಲೆ ಬರುವಂತೆ ಕೈಸನ್ನೆ ಮಾಡಿದ.

"ಮೊದಲೇ ಸಿಕ್ಕಿದ್ದರೆ?" ಎಂದಳು.

"ಬದುಕ್ತಿದ್ರೇನೋ." ಅವನು ನೆಲ ನೋಡಿದ. "ನಾನ್ ಬೀಡಿ ಅಚ್ಚದಿದ್ರೂ ಬದುಕ್ತಿದ್ರೇನೋ."

"ಬಿಚ್ಚೋಕೆ ನೀವಿರ್ತೀರಿ ಅಂತ ಹೇಳಿ ಕಳಿಸಿದವಳು ನಾನೇ."

ಅವನು ಚಕ್ರವನ್ನು ಗೋಡೆಗೆ ಒರಗಿಸಿಟ್ಟ. ಅವಳಿಗೆ ಅವನಿಂದ ಸಮಾಧಾನದ ಮಾತು ಬೇಕಿರಲಿಲ್ಲ. ಎದೆಯಲ್ಲಿ ಅಳು ಇದೆಯೇ ಎಂದು ಹುಡುಕಿ ನೋಡಿದಳು. ಇರಲಿಲ್ಲ. ಹದಿನಾಲ್ಕು ದಿನದಿಂದ ಯಾರ್‍ಯಾರೋ ಅವಳಿಗೆ ವಿಧಿಯ ಮಾತು ಹೇಳಿದ್ದರು, ದೇವರ ಮಾತು ಹೇಳಿದ್ದರು. ನಡೆದದ್ದನ್ನು ನಡೆದ ಹಾಗೆ ಹೇಳಿದವನು ಇವನೊಬ್ಬ. ಇನ್ನು ಮೇಲೆ ತನ್ನ ಪಾಲಿನ ತಪ್ಪು ಹೀಗೇ ಇರುತ್ತದೆ, ಇದಕ್ಕಿಂತ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

"ದಸರಾ ಆದ ಮೇಲೆ ಕೊಡ್ತೀನಿ ಅಂದಿದ್ದರಂತೆ" ಎಂದು ಅವಳು ಜರ್ಸಿ ಮಡಿಸಿದಳು. "ಮೊದಲೇ ತಂದಿದ್ದೀನಿ. ಒಗೆದಿಲ್ಲ, ಹೊಲಿದೂ ಇಲ್ಲ."

"ನೀವೇ ಇಟ್ಕಳಿ ಅಮ್ಮಾವ್ರೆ. ನಂಗ್ಯಾಕೆ?"

"ನಿಮ್ಮದು. ಅವರು ಇಸಕೊಂಡದ್ದು ಅಷ್ಟೇ."

ನಂಜಯ್ಯ ಒಳಗೆ ಹೋಗಿ ಗ್ರೀಸಿನ ಕೈಯನ್ನು ಸೋಪಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದ. ಅವಳು ಕಾಯುತ್ತಾ ನಿಂತಿದ್ದಳು. ಅವನು ಕೈ ಒರೆಸಿಕೊಂಡು ಬಂದು ಎರಡೂ ಅಂಗೈ ಮುಂದೆ ಚಾಚಿದ. ಅವಳು ಜರ್ಸಿಯನ್ನು ಅದರ ಮೇಲಿಟ್ಟಳು.