ಕುತ್ತಿಗೆವರೆಗೆ ಮರಳು

ಶಾಲೆಯಲ್ಲಿ ಭಾಷಣ ಮಾಡುವುದಿಲ್ಲವೆಂದು ನನ್ನ ಮೊಮ್ಮಗಳು ಇಂಚರಾ ಹಟ ಹಿಡಿದಿದ್ದಳು. ಈಜಿಪ್ಟಿನ ಸ್ಫಿಂಕ್ಸ್ ಮಾಡಿಸಿದವರು ಯಾರು ಎಂಬುದು ವಿಷಯ. ಪುಸ್ತಕಗಳು ಖಾಫ್ರೆ ಎಂಬ ರಾಜನ ಹೆಸರು ಹೇಳಿ, ಜೊತೆಗೊಂದು ‘ಬಹುಶಃ’ ಸೇರಿಸಿದ್ದವು. ಆ ಬಹುಶಃ ಮಗುವನ್ನು ಕಂಗೆಡಿಸಿತ್ತು.

“ಖಾಫ್ರೆ ಅಂತ ಹೇಳಿ ಮುಗಿಸು ಪುಟ್ಟಿ,” ಎಂದ ಅವಳಪ್ಪ, ನನ್ನ ಮಗ ಕೌಶಿಕ್.

“ಯಾರಾದ್ರೂ ಪ್ರೂಫ್ ಕೇಳಿದ್ರೆ? ಎಲ್ರೂ ನಗ್ತಾರೆ, ಡ್ಯಾಡ್!”

ರಜೆಯಲ್ಲಿ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಿಂದ ಸಿಡ್ನಿಗೆ, ನನ್ನ ಮಗಳು ವಾಸಂತಿಯ ಮನೆಗೆ ಹೋದೆವು. ಅವಳು ನಮ್ಮನ್ನು ಊರಂಚಿನ ಕಾಡಿಗೆ ಕರೆದೊಯ್ದಳು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕನೊಬ್ಬ, ಮಡಿದ ಗೆಳೆಯರ ನೆನಪಿಗೆಂದು ಕಡೆದ ಪುಟ್ಟ ಸ್ಫಿಂಕ್ಸ್ ಅಲ್ಲಿತ್ತು. ಸಿಂಹದ ಮೈ, ಮನುಷ್ಯನ ಮುಖ.

“ಅಯ್ಯೋ, ನಮ್ಮ ಪುರುಷಾಮೃಗ ಕಣ್ರೇ! ದೇವಸ್ಥಾನದ ಕಂಬದಲ್ಲಿ ಇರತ್ತಲ್ಲ, ಅದೇ!” ಎಂದು ನಾನು ಚಪ್ಪಲಿ ಬಿಟ್ಟು ಪ್ರದಕ್ಷಿಣೆಗೆ ಹೊರಟೆ.

“ಅಮ್ಮಾ, ಜನ ನೋಡ್ತಿದಾರೆ. ಇನ್ನು ಕುಂಕುಮ ಗಿಂಕುಮ ಇಟ್ಟೀಯ!” ಎಂದಳು ವಾಸಂತಿ.

“ಅಜ್ಜಿ, ಇಟ್ಸ್ ನಾಟ್ ಎ ಗಾಡ್. ಸೋಲ್ಜರ್ ಮಾಡಿದ್ದು,” ಎಂದು ಇಂಚರಾ ನಕ್ಕಳು.

“ಆಗಲಿ. ಅವನು ಈಜಿಪ್ಟಿನಲ್ಲಿ ನೋಡಿಬಂದ ದೊಡ್ಡದು? ಅದು ಉದ್ಭವವೋ, ತಂದು ನಿಲ್ಲಿಸಿದ್ದೋ?”

“ಉದ್ಭವ ಅಂದ್ರೆ?”

“ಭೂಮಿಯಿಂದ ತಾನೇ ಎದ್ದಿದ್ದು.”

ಅವಳು ಯೋಚಿಸಿದಳು. “ತಂದಿದ್ದಲ್ಲ. ಅಲ್ಲೇ ಇದ್ದ ಬಂಡೇನ ಸುತ್ತ ಕಡೆದಿದ್ದು. ಆಮೇಲೆ ಅಜ್ಜಿ, ಸಾವಿರ ವರ್ಷ ಕಳೆದು ಅವ್ರದ್ದೇ ಒಬ್ಬ ರಾಜಕುಮಾರ ಬಂದಾಗ ಅದು ಕುತ್ತಿಗೆವರೆಗೆ ಮರಳಲ್ಲಿ ಹೂತೋಗಿತ್ತಂತೆ. ಅದರ ನೆರಳಲ್ಲಿ ಮಲಗಿದ್ನಂತೆ. ಅವ್ರು ಅದನ್ನ ದೇವ್ರು ಅಂತಿದ್ರು!”

ಹಳೆಯ ಕಾಲವೆಂದರೆ ಎಲ್ಲವೂ ಒಂದೇ ಎಂದುಕೊಂಡಿದ್ದೆ. ನಮಗೆ ಪುರಾತನರಾದವರಿಗೂ ಪುರಾತನವಾದದ್ದೊಂದಿತ್ತು. ನಾನು ದೇವಸ್ಥಾನದ ಕಂಬದ ಮುಂದೆ ನಿಲ್ಲುವ ಹಾಗೆಯೇ ಅವರೂ ಅದರ ಮುಂದೆ ಕತ್ತೆತ್ತಿ ನಿಂತಿದ್ದರು.

ಇಂಚರಾ ನನ್ನ ಮುಖವನ್ನೇ ನೋಡುತ್ತಿದ್ದಳು. “ಯಾರು ಅಂತ ಸರಿಯಾಗಿ ಗೊತ್ತಿಲ್ಲ ಅಂದ್ರೆ ನಿಂಗೆ ಬೋರ್ ಆಗಲ್ವಾ?”

“ಬೋರೇ? ಇನ್ನೂ ಹೇಳೇ ತಾಯಿ!”

ಮೆಲ್ಬರ್ನ್‌ನ ತರಗತಿಯಲ್ಲಿ ಮನೆಯವರಿಗೂ ಕರೆಯಿತ್ತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಇಂಚರಾ ಬಂಡೆಯಿಂದಲೇ ಶುರುಮಾಡಿ ಆ ರಾಜಕುಮಾರನವರೆಗೂ ಹೇಳಿದಳು. ಖಾಫ್ರೆ ಇರಬಹುದು, ಆದರೆ ಮಾಡಿದವರು ಅದರ ಮೇಲೆ ಹೆಸರು ಬಿಟ್ಟಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಅವಳು ಕೈಯಲ್ಲಿದ್ದ ಚೀಟಿಯಿಂದ ಕಣ್ಣೆತ್ತಲಿಲ್ಲ.

ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ, ಆ ರಾಜಕುಮಾರನಿಗೆ ಭಯವಾಗಲಿಲ್ಲವೇ ಎಂದಳು. ಅವಳ ಹಿಂದೆ ಇನ್ನೊಂದು ಕೈ ಎದ್ದಿತು, ಮತ್ತೊಂದು. ಇಂಚರಾ ಚೀಟಿ ಮಡಿಸಿಟ್ಟು ಅವರತ್ತ ಬಾಗಿದಳು.