ಕಸಿಯ ಕೆಳಗಿನ ಚಿಗುರು

ಪಾರ್ಶ್ವವಾಯು ಬಡಿದ ಮೇಲೆ ಮಾವನವರ ಬಲಗೈ ಅವರ ಮಾತು ಕೇಳುವುದನ್ನು ಬಿಟ್ಟಿತ್ತು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಅವರು ಮುಟ್ಟಲಿಲ್ಲ. "ನಾನೇನು ತೊಟ್ಟಿಲ ಕೂಸಾ?" ಎಂದು ಮುಖ ತಿರುಗಿಸಿದರು. ಆಯುಷ್ಯವಿಡೀ ಕತ್ತರಿ ಹಿಡಿದ ದರ್ಜಿ. ಬೇಗ ಬಳಸದಿದ್ದರೆ ಬೆರಳುಗಳು ಹೀಗೇ ಮಡಚಿಕೊಂಡು ಉಳಿಯುತ್ತವೆ ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಕತ್ತರಿ ಹಿಡಿಯುವ ಕೆಲಸವಾದರೂ ಆ ಕೈಗೆ ಸಿಗಲಿ ಎಂದು ಗುಲಾಬಿ ಗಿಡ ತಂದೆ. ಹೈಬ್ರಿಡ್ ಟೀ ಜಾತಿ. ಉದ್ದ ತೊಟ್ಟಿಗೆ ಒಂದೇ ದೊಡ್ಡ ಕೆಂಪು ಹೂ. ಚಳಿಗೆ ಬಗ್ಗುವುದಿಲ್ಲ, ಎಲೆಗೆ ಕಪ್ಪು ಚುಕ್ಕೆ ಬರುವುದಿಲ್ಲ ಎಂದು ನರ್ಸರಿಯಾಕೆ ಭರವಸೆ ಕೊಟ್ಟಿದ್ದಳು. ರೋಗ ತಗಲದ ಗಿಡವನ್ನೇ ಹುಡುಕಿದ್ದೆ; ಮನೆಯಲ್ಲಿ ಇನ್ನೊಬ್ಬ ರೋಗಿಯನ್ನು ನೋಡಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಗಿಡ ಮಾತು ಉಳಿಸಿಕೊಂಡಿತು. ಮಾವ ಬೆಳಿಗ್ಗೆ ತಾವಾಗಿಯೇ ಹಾಸಿಗೆ ಬಿಟ್ಟೇಳತೊಡಗಿದರು. ಗಿಡದ ಕತ್ತರಿಯನ್ನು ಬಲಗೈಗೆ ತುರುಕಿಕೊಂಡು ಒತ್ತಿ ನೋಡುವರು; ಅದು ಜಾರಿ ಬೀಳುತ್ತಿತ್ತು.

ಆಮೇಲೆ ಬುಡದಿಂದ ಒಂದು ಚಿಗುರು ಎದ್ದಿತು. ಅದು ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬಂದಿತ್ತು, ಅಂದರೆ ಬೇರಿಗಾಗಿ ಬಳಸಿದ ಕಾಡುಗುಲಾಬಿಯದು.

"ಮಾವ, ಅದನ್ನ ಕಿತ್ತುಬಿಡೋಣ. ಮೇಲಿನ ಗಿಡದ ಊಟನೆಲ್ಲ ಅದೇ ತಿಂದುಬಿಡತ್ತೆ."

"ಇಷ್ಟು ಚೆನ್ನಾಗಿ ಬರ್ತಿರೋದನ್ನ ಕೀಳಬೇಕಾ? ಬಿಟ್ರೆ ನನ್ನನ್ನೂ ಕಿತ್ತು ಹಾಕ್ತೀಯಲ್ಲ ತಾಯಿ!"

ಪೇಪರಿನ ಹಿಂದಿನಿಂದ ನನ್ನ ಗಂಡ ನಕ್ಕರು. "ಅವರ ಪಾಡಿಗೆ ಬಿಡೇ. ಎಲ್ಲದಕ್ಕೂ ಮೂಗು ತೂರಿಸ್ತೀಯ."

ಬಿಟ್ಟೆ. ಚಿಗುರು ಸೊಂಟದೆತ್ತರ ಬಂತು. ಮೇಲಿನ ರೆಂಬೆಗಳು ಸೊರಗಿದವು.

ನಿನ್ನೆ ಸಂಜೆ ಕೆಲಸದಿಂದ ಬಂದಾಗ ಮಾವ ಗೇಟಿನಲ್ಲೇ ಕಾಯುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ಗಿಡದ ಪಕ್ಕದಲ್ಲಿ ಕಸಿಯ ಮೇಲಿನ ರೆಂಬೆಗಳು ಮೊಗ್ಗಿನ ಸಮೇತ ಬಿದ್ದಿದ್ದವು.

"ಬಲಗೈ ಕಣಮ್ಮ! ಬಲಗೈಲೇ ಕತ್ತರಿಸಿದೆ! ಒಣಕಲು ಕಡ್ಡಿಗಳನ್ನ ತೆಗೆದ್ರೆ ಹೊಸದಕ್ಕೆ ಜಾಗ ಆಗತ್ತೆ."

ಬೆರಳುಗಳು ನಿಜವಾಗಿಯೂ ಮುಚ್ಚಿ ಬಿಚ್ಚುತ್ತಿದ್ದವು. "ಒಳ್ಳೇದಾಯ್ತು ಮಾವ" ಎಂದೆ.

ಕಸಿಯ ಮೇಲೆ ಇನ್ನೊಂದೇ ರೆಂಬೆ ಉಳಿದಿತ್ತು. ಅದು ಹೋದರೆ ನಾನು ತಂದ ಗುಲಾಬಿಯೇ ಇಲ್ಲ, ಉಳಿಯುವುದು ಕಾಡುಗುಲಾಬಿ.

"ಇದೊಂದು ಓಲಾಡತ್ತೆ, ಕತ್ತರಿಗೆ ಸಿಗ್ತಿಲ್ಲ. ಸ್ವಲ್ಪ ಹಿಡ್ಕೋ ಬಾ. ನೀನೂ ಕಣ್ಣಾರೆ ನೋಡಿದ ಹಾಗಾಗತ್ತೆ."

ಬ್ಯಾಗನ್ನು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕುಳಿತೆ. ರೆಂಬೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಕತ್ತರಿ ನಿಧಾನವಾಗಿ ಹತ್ತಿರ ಬಂತು.

"ಅಲ್ಲಾಡಿಸ್ಬೇಡ" ಎಂದರು ಮಾವ.

ಅವರ ಕೈ ಅಲ್ಲಾಡುತ್ತಿರಲಿಲ್ಲ. ನಾನು ರೆಂಬೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ.